ಇವಿಯನ್ನು ನೆಲದ ಮೇಲೆ ಎಳೆಯದೆ ಟ್ರೇಲರ್‌ಗೆ ಹತ್ತಿಸಿದ್ದು: ನನ್ನ ಅನುಭವ

ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ದೊಡ್ಡ ಗಾಡಿ) ಹಿಂದೆ ಟೋ ಬಾರ್ (ಎಳೆಯುವ ದಂಡ) ಕಟ್ಟಿ, ನಾಲ್ಕೂ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಇವಿ, ಅಂದರೆ ಎಲೆಕ್ಟ್ರಿಕ್ ಕಾರು, ಎಳೆಯಬಹುದೇ? ಮೊದಲು ಕಾರಿನ ಕೈಪಿಡಿ ತೆಗೆದು ನೋಡಿ. ಬಹುತೇಕ ಇವಿಗಳಲ್ಲಿ ಕೂಡದು ಎಂದೇ ಬರೆದಿರುತ್ತದೆ. ಮ್ಯಾನುಯಲ್ ಗೇರಿನ ಪೆಟ್ರೋಲ್ ಕಾರು ನ್ಯೂಟ್ರಲ್‌ಗೆ ಬಂದರೆ ಎಂಜಿನ್ ಚಕ್ರದಿಂದ ಬಿಟ್ಟುಕೊಳ್ಳುತ್ತದೆ. ಇವಿಯಲ್ಲಿ ಸಾಮಾನ್ಯವಾಗಿ ಬಿಟ್ಟುಕೊಳ್ಳಲು ಏನೂ ಇಲ್ಲ. ಮೋಟರು ಒಂದೇ ರಿಡಕ್ಷನ್ ಗೇರಿನ ಮೂಲಕ ಸದಾ ಚಕ್ರಕ್ಕೆ ಕಚ್ಚಿಕೊಂಡಿರುತ್ತದೆ. ಪರದೆಯ ಮೇಲಿನ ‘ಎನ್’ ಅಂದರೆ ಮೋಟರಿಗೆ ಕರೆಂಟ್ ಕೊಡಬೇಡ, ಅಷ್ಟೆ. ಚಕ್ರ ಉರುಳಿದರೆ ಮೋಟರೂ ತಿರುಗುತ್ತದೆ. ಅದರಲ್ಲಿ ಶಾಶ್ವತ ಅಯಸ್ಕಾಂತವಿದ್ದರೆ ಡೈನಮೋ ಥರ ವೋಲ್ಟೇಜ್ ಹುಟ್ಟಿ ಇನ್ವರ್ಟರಿಗೆ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ತಕ್ಕಂತೆ ಬದಲಿಸುವ ಭಾಗ) ನುಗ್ಗುತ್ತದೆ. ಕಾರು ಆಫ್ ಇದ್ದರೆ ತಂಪು ಮಾಡುವ ಪಂಪೂ ಓಡುವುದಿಲ್ಲ. ಟೆಸ್ಲಾದ ಟ್ರಾನ್ಸ್‌ಪೋರ್ಟ್ ಮೋಡ್ ನೋಡಿ ಮೋಸಹೋಗಬೇಡಿ, ಅದಿರುವುದು ವಿಂಚ್‌ನಿಂದ ನಿಧಾನವಾಗಿ ಲಾರಿಗೆ ಎಳೆದುಕೊಳ್ಳಲು. ಇನ್ನು ‘ಎಳೆಯುತ್ತಾ ಬ್ಯಾಟರಿ ಪುಕ್ಕಟೆ ಚಾರ್ಜ್ ಆಗುತ್ತಲ್ಲ’ ಅನ್ನುವವರಿಗೆ: ಆ ಕರೆಂಟಿಗೂ ಮೋಟರ್‌ಹೋಮಿನ ಡೀಸೆಲ್ಲೇ ಉರಿಯಬೇಕು.

ಮುಂದಿನ ಚಕ್ರಗಳನ್ನು ಮಾತ್ರ ಎತ್ತುವ ಡಾಲಿ, ನಿಸ್ಸಾನ್ ಲೀಫ್‌ನಂಥ ಮುಂಚಕ್ರ ಚಾಲನೆಯ ಕಾರಿಗೆ ಸರಿ. ನನ್ನ ಕಾರಿಗೆ ಹಿಂದೆಯೂ ಮೋಟರಿದೆ, ಹಾಗಾಗಿ ಟ್ರೇಲರೇ ಗತಿ.

ಎಲ್ಲಕ್ಕಿಂತ ಮೊದಲು ತೂಕ. ಕಾರು 1,750 ಕಿಲೋ, ಟ್ರೇಲರ್ 750, ಒಟ್ಟು 2,500. ಅಂದರೆ 2,270 ಕಿಲೋ ಎಂದು ಬರೆದ ಹಿಚ್ (ಮೋಟರ್‌ಹೋಮಿನ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಸಾಲದು. ನಾನು 3,400 ಕಿಲೋದ್ದು ನೋಡಿಕೊಂಡೆ. ಹಿಚ್ ದೊಡ್ಡದಾದರೆ ಸಾಲದು. ನೀರು, ಸಾಮಾನು ತುಂಬಿದ ಮೋಟರ್‌ಹೋಮ್ ಮತ್ತು ಟ್ರೇಲರ್ ಸೇರಿ ತಯಾರಕರು ಕೊಟ್ಟ ಒಟ್ಟು ಮಿತಿಯೊಳಗೇ ಇರಬೇಕು.

ಹಿಚ್ ಮೇಲೆ ಕೂರುವ ಭಾರ ಟ್ರೇಲರ್ ಮತ್ತು ಕಾರಿನ ಒಟ್ಟು ತೂಕದ ಶೇ. 10ರಿಂದ 15 ಇರಬೇಕು. ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಬಾಲ ಅಲ್ಲಾಡಿಸುತ್ತದೆ, ಹೆಚ್ಚಾದರೆ ಮೋಟರ್‌ಹೋಮಿನ ಹಿಂಭಾಗ ಕುಸಿಯುತ್ತದೆ. ನನ್ನ ಗುರಿ 300 ಕಿಲೋ. ಅಳೆಯಲು ಮನೆಯ ತೂಕದ ಯಂತ್ರವೇ ಸಾಕು. ಟ್ರೇಲರ್ ಸಮತಟ್ಟಾಗಿ ನಿಲ್ಲಿಸಿ ಚಕ್ರಕ್ಕೆ ಅಡ್ಡಗಲ್ಲು ಕೊಡಿ. ಗಟ್ಟಿ ಹಲಗೆಯ ಒಂದು ತುದಿ ಇಟ್ಟಿಗೆಯ ಮೇಲೆ, 120 ಸೆಂ.ಮೀ. ಆಚೆ ಇನ್ನೊಂದು ತುದಿ ಯಂತ್ರದ ಮೇಲೆ. ಇಟ್ಟಿಗೆಯಿಂದ 30 ಸೆಂ.ಮೀ. ದೂರದಲ್ಲಿ ಕಪ್ಲರ್ (ಹಿಚ್ ಮೇಲೆ ಕೂರುವ ಟ್ರೇಲರಿನ ಮೂತಿ) ಇಳಿಸಿದರೆ ಯಂತ್ರ ಕಾಲು ಭಾಗ ತೋರಿಸುತ್ತದೆ: ಬರೀ ಹಲಗೆಗೆ ತೋರಿಸಿದ್ದನ್ನು ಕಳೆದು 75 ಬಂದರೆ 300. ಕಪ್ಲರಿನಿಂದ ಆ್ಯಕ್ಸಲ್ ನಡುವಿಗೆ 4 ಮೀಟರ್ ಇರುವ ನನ್ನ ಟ್ರೇಲರಿನಲ್ಲಿ ಕಾರು 10 ಸೆಂ.ಮೀ. ಮುಂದೆ ಸರಿದರೆ ಸುಮಾರು 44 ಕಿಲೋ ಏರುತ್ತದೆ. ಸರಿಯಾದ ಜಾಗ ಸಿಕ್ಕಮೇಲೆ ಮುಂಚಕ್ರದ ಎದುರು ಅಡ್ಡಪಟ್ಟಿ ಬೋಲ್ಟ್ ಮಾಡಿಬಿಟ್ಟೆ, ಪ್ರತಿಸಲ ಅಳೆಯುವ ಗೋಳಿಲ್ಲ.

ಹತ್ತಿಸುವಾಗ ಬ್ಯಾಟರಿ ಪ್ಯಾಕಿನ ತಳ ರ‍್ಯಾಂಪಿನ ಮೇಲಂಚಿಗೆ ತಾಗುತ್ತದೆ, ಗಮನ ಬೇಕಾದ್ದು ಅಲ್ಲೇ. ಮೋಟರ್‌ಹೋಮಿನ ಹಿಂಭಾಗವನ್ನು ಜಾಕಿನಿಂದ ಎತ್ತಿ ಟ್ರೇಲರಿನ ಬಾಲ ತಗ್ಗಿಸುವವರಿದ್ದಾರೆ. ಮೋಟರ್‌ಹೋಮಿನ ಹಿಂಚಕ್ರ ನೆಲ ಬಿಟ್ಟರೆ ಪಾರ್ಕಿಂಗ್ ಬ್ರೇಕ್ ಹಿಡಿಯುವುದೇ ಇಲ್ಲ, ಗಾಡಿ ಉರುಳುತ್ತದೆ. ನಾನು ರ‍್ಯಾಂಪಿನ ಬುಡಕ್ಕೆ ಉದ್ದನೆಯ ಮರದ ಹಲಗೆ ಜೋಡಿಸಿ ಇಳಿಜಾರು ಕಡಿಮೆ ಮಾಡುತ್ತೇನೆ.

ಬೆಲ್ಟನ್ನು ಸಸ್ಪೆನ್ಷನ್‌ಗೆ ಬಿಗಿಯಬೇಡಿ, ಪ್ಯಾಕಿನ ಅಂಚಿಗಂತೂ ಸುತ್ತಲೇಬೇಡಿ. ಟೈರಿನ ಮೇಲೆ ಹಾಯುವ ರ‍್ಯಾಚೆಟ್ ಬೆಲ್ಟ್ ನಾಲ್ಕಕ್ಕೂ ಬೇಕು. ಕಾರು ‘ಪಿ’ಯಲ್ಲಿ, ಪಾರ್ಕಿಂಗ್ ಬ್ರೇಕ್ ಹಾಕಿ, ಕಾವಲು ಕ್ಯಾಮೆರಾ, ಓರೆಯಾದರೆ ಕೂಗುವ ಅಲಾರಂ ಎರಡೂ ಆಫ್. ಇಲ್ಲದಿದ್ದರೆ ದಾರಿಯುದ್ದಕ್ಕೂ ಬ್ಯಾಟರಿಯ ಚಾರ್ಜ್ ಖರ್ಚಾಗುತ್ತದೆ.

ಮೊದಲ 20 ಕಿ.ಮೀ. ಆದಮೇಲೆ ನಿಲ್ಲಿಸಿ ಬೆಲ್ಟ್ ಮತ್ತೆ ಬಿಗಿಯಿರಿ, ಟೈರು ಒತ್ತಿಕೊಂಡು ಬೆಲ್ಟ್ ಸಡಿಲವಾಗಿರುತ್ತದೆ. ಆಮೇಲೆ ನಿಂತಲ್ಲೆಲ್ಲ ಅಂಗೈಯ ಹಿಂಬದಿಯನ್ನು ಟ್ರೇಲರಿನ ಪ್ರತಿ ಹಬ್ಬಿನ (ಚಕ್ರದ ನಡುಭಾಗದ) ಹತ್ತಿರ ಹಿಡಿಯಿರಿ. ನಾಲ್ಕೂ ಒಂದೇ ಬಿಸಿಯಿದ್ದರೆ ಹೊರಡಿ. ಒಂದು ಮಾತ್ರ ಸುಡುತ್ತಿದ್ದರೆ ಬೇರಿಂಗಿನ ಗ್ರೀಸ್ ಒಣಗಿದೆ, ಇಲ್ಲವೇ ಆ ಚಕ್ರದ ಬ್ರೇಕ್ ಉಜ್ಜುತ್ತಿದೆ.