ಹೂದಾನಿಯಲ್ಲಿ ಹೈಡ್ರಾಂಜಿಯ ಜೋತುಬಿದ್ದರೆ

ಹೈಡ್ರಾಂಜಿಯ ಬಾಡಿತು ಅಂತ ಕಸಕ್ಕೆ ಹಾಕುವ ಮುಂಚೆ ಒಂದು ಬಕೆಟ್ ತಣ್ಣೀರು ತುಂಬಿಸಿಕೊಳ್ಳಿ. ಬಹಳ ಸಲ ಅದಕ್ಕೆ ಬಾಯಾರಿಕೆಯಾಗಿರುತ್ತದೆ, ಅಷ್ಟೆ. ಹೂದಾನಿ ತುಂಬ ನೀರಿದ್ದೂ ಬಾಯಾರಿಕೆಯೇ ಅಂದರೆ, ಹೌದು. ಕಡ್ಡಿ ಕತ್ತರಿಸಿದಲ್ಲಿ ಅಂಟಂಟು ಸೊನೆ ಒಸರಿ, ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ಮೇಲೆ ನೋಡಿದರೆ ಅಷ್ಟು ದೊಡ್ಡ ಗೊಂಚಲು, ಅಗಲ ಎಲೆ. ಅಲ್ಲಿಂದ ನೀರು ಆರುತ್ತಲೇ ಇರುತ್ತದೆ.

ನಮ್ಮ ಸಕಲೇಶಪುರದ ಕಡೆ ತೋಟದ ಮನೆಯ ಅಂಗಳದಲ್ಲಿ ಇದು ಮಳೆಗಾಲದ ಹೂ. ಕೊಯ್ಯುವುದಾದರೆ ಬೆಳಿಗ್ಗೆ, ಬಿಸಿಲೇರುವ ಮೊದಲು. ಎಳೆ ಗೊಂಚಲು ಮುಟ್ಟಬೇಡಿ, ಎಷ್ಟು ಉಪಚಾರ ಮಾಡಿದರೂ ಸಂಜೆಗೆ ಸೋತುಹೋಗುತ್ತದೆ. ಎಸಳು ಬೆರಳಿಗೆ ಸ್ವಲ್ಪ ದಪ್ಪ, ಗಟ್ಟಿ ಅನ್ನಿಸಬೇಕು. ನಡುವಿನ ಸಾಸಿವೆಯಷ್ಟು ಮೊಗ್ಗುಗಳೂ ಬಿರಿದಿರಬೇಕು. ನಿಜವಾದ ಹೂ ಅವೇ, ನಾವು ಎಸಳು ಅನ್ನುವುದು ಬಣ್ಣ ಬಂದ ಪುಷ್ಪಪತ್ರ, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಎಲೆಯಂಥ ಭಾಗ. ಕಡ್ಡಿ ಉದ್ದ ಬೇಕೆಂದು ಬುಡಕ್ಕೆ ಕತ್ತರಿ ಹಾಕಿದರೆ ಮುಂದಿನ ವರ್ಷ ಗಿಡ ಬರೀ ಸೊಪ್ಪು. ಹೂಮೊಗ್ಗು ಕೂರುವುದು ಹಳೇ ಕಡ್ಡಿಯಲ್ಲಿ.

ತಂದ ಕೂಡಲೇ ತುದಿಯನ್ನು ಓರೆಯಾಗಿ ಕತ್ತರಿಸಿ. ಗ್ರಂದಿಗೆ ಅಂಗಡಿಯ ಪಟಿಕ ಕುಟ್ಟಿ ಪುಡಿ ಮಾಡಿಟ್ಟುಕೊಂಡಿರಿ. ಕತ್ತರಿಸಿದ ಹಸಿ ತುದಿಯನ್ನು ಆ ಪುಡಿಯಲ್ಲಿ ಒಂದಿಷ್ಟು ಅದ್ದಿ, ನೇರ ನೀರಿಗಿಡಿ. ಪಟಿಕ ಇಲ್ಲವೇ? ಕುದಿಯುವ ನೀರಿನಲ್ಲಿ ತುದಿಯನ್ನು 30 ಸೆಕೆಂಡು ಹಿಡಿಯಿರಿ, ಹೂವಿಗೆ ಹಬೆ ತಾಗದಂತೆ ಓರೆಯಾಗಿ. ಎರಡರಲ್ಲಿ ಒಂದು ಸಾಕು.

ಪಟಿಕ ಹಚ್ಚಿದರೆ ಗುಲಾಬಿ ಬಣ್ಣದ್ದು ನೀಲಿಯಾಗುತ್ತಾ ದೊಡ್ಡಮ್ಮಾ ಅಂತ ತಂಗಿಯ ಮಗಳು ಫೋನಿನಲ್ಲಿ ಕೇಳುತ್ತಾಳೆ. ಇಲ್ಲ ಪುಟ್ಟಿ, ಅದು ಗಿಡದಲ್ಲೇ ಆಗಬೇಕಾದ ಕೆಲಸ. ಹುಳಿ ಮಣ್ಣಿನಲ್ಲಿ ಬೇರಿಗೆ ಅಲ್ಯೂಮಿನಿಯಂ ಸಿಕ್ಕರೆ ನೀಲಿ. ನಮ್ಮ ಅಂಗಳದ್ದು ನೀಲಿಯಾಗಿರುವುದು ಅದಕ್ಕೇ.

ನೀರಿನಲ್ಲಿ ಮುಳುಗುವ ಎಲೆ ಎಲ್ಲ ತೆಗೆಯಿರಿ, ಮೇಲೆ ಒಂದೆರಡು ಇದ್ದರೆ ಹೆಚ್ಚು. ಕಿತ್ತ ಎಲೆ ಕೊಟ್ಟಿಗೆ ಕಡೆ ಹೋಗಬಾರದು, ದನಕ್ಕೂ ನಾಯಿಗೂ ವಿಷ. ನೀರು ದಿನಾ ಬದಲಾಯಿಸಿದರೆ ಒಳ್ಳೆಯದು. ಫ್ಯಾನಿನ ಕೆಳಗೆ, ಬಾಳೆಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ.

ಇನ್ನು ಆ ಬಕೆಟ್. ಈ ಹೂವಿನ ವಿಶೇಷವೆಂದರೆ ಎಸಳಿನಿಂದಲೂ ನೀರು ಕುಡಿಯುತ್ತದೆ. ಜೋತುಬಿದ್ದ ಗೊಂಚಲನ್ನು ತಲೆಕೆಳಗಾಗಿ ಪೂರ್ತಿ ಮುಳುಗಿಸಿ. ಮೇಲೆ ತೇಲಿ ಬರುತ್ತದೆ, ಒಂದು ತಟ್ಟೆ ಮುಚ್ಚಿ. ಒಳಗೆ ಅಡಗಿದ್ದ ಇರುವೆಗಳೂ ಹೊರಬೀಳುತ್ತವೆ. ಮುಕ್ಕಾಲು ಗಂಟೆ ಬಿಟ್ಟು ತೆಗೆದು ಮೆಲ್ಲಗೆ ಕೊಡವಿ, ತುದಿಯನ್ನು ಮತ್ತೆ ಅರ್ಧ ಇಂಚು ಕತ್ತರಿಸಿ ಪಟಿಕ ಹಚ್ಚಿ. ಸುಕ್ಕಾಗಿದ್ದ ಎಸಳು ಒಂದೊಂದಾಗಿ ಬಿಚ್ಚಿಕೊಳ್ಳುವುದು ಕಾಣುತ್ತದೆ. ಅಂಚು ಕಂದಾಗಿ ಗರಿಗರಿ ಅಂದರೆ ಮಾತ್ರ ಆಸೆ ಬಿಡಿ.

ಚೆನ್ನಾಗಿ ಬಲಿತ ಗೊಂಚಲಾದರೆ ಒಣಗಿಸಿಯೂ ಇಡಬಹುದು. ತಳದಲ್ಲಿ ಒಂದು ಇಂಚು ನೀರು ಹಾಕಿ, ಆಮೇಲೆ ಹನಿಯೂ ಸೇರಿಸದೆ ನೆರಳಲ್ಲಿ ಬಿಟ್ಟುಬಿಡಿ. ಮಳೆಗಾಲದಲ್ಲಿ ಮಾತ್ರ ಬೂಸು ಹಿಡಿಯುತ್ತದೆ, ಹಾಗಾಗಿ ಒಲೆಯ ಮನೆಯ ಅಟ್ಟವೇ ಸರಿ.