ಕೈಲ್‌ಪೊಳ್ದ್ ಊಟಕ್ಕೆ ಪಾತ್ರೆ ತಗೊಂಡು ಹೋಗೋರಿಗೆ: ಪಥ್ಯ, ಅಲರ್ಜಿ ಇರೋರೂ ಹೊಟ್ಟೆ ತುಂಬ ತಿನ್ನೋ ಹಾಗೆ

ಸೆಪ್ಟೆಂಬರ್ ಬಂತಂದ್ರೆ ನಮ್ ಕೊಡವರ ಹಬ್ಬ ಕೈಲ್‌ಪೊಳ್ದ್, ಮನೆಮನೇಲೂ ಪಂದಿ ಕರಿ (ಹಂದಿ ಮಾಂಸದ ಸಾರು), ಕಡಂಬುಟ್ಟು (ಹಬೇಲಿ ಬೇಯ್ಸಿದ ಅಕ್ಕಿ ಉಂಡೆ), ನೆಂಟರ ಜೊತೆಗೆ ಮಡಿಕೇರಿಲಿ ಒಟ್ಟಿಗೆ ಕೆಲಸ ಮಾಡೋರು, ಬೆಂಗಳೂರಿಂದ ಬಂದ ಫ್ರೆಂಡ್ಸು ಎಲ್ಲ ಸೇರ್ತಾರೆ. ಅದ್ರಲ್ಲಿ ಒಬ್ರು ಹಂದಿ ಮುಟ್ಟಲ್ಲ, ಒಬ್ರು ಈರುಳ್ಳಿ ಬೆಳ್ಳುಳ್ಳಿ ತಿನ್ನಲ್ಲ, ಇನ್ನೊಬ್ರಿಗೆ ಗೋಧಿ ಆಗಲ್ಲ. ಇವ್ರಿಗೆಲ್ಲ ಒಂದ್ ತಟ್ಟೆ ಸೌತೆಕಾಯಿ ಇಟ್ಬಿಟ್ಟು ಸುಮ್ನಾಗೋದು ನೋಡಿದ್ರೆ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ, ಯಾಕಂದ್ರೆ ನಮ್ ಕೊಡಗಿನ ಅಡುಗೆ ನಿಂತಿರೋದೇ ಅಕ್ಕಿ ಮೇಲೆ, ಇವರಿಗೆ ಅಂತ ಹೊಸದೇನೂ ಕಲೀಬೇಕಾಗಿಲ್ಲ, ಇರೋ ಅಡುಗೆಗೆ ಬೇರೆದು ತಾಗದ ಹಾಗೆ ನೋಡ್ಕೊಂಡ್ರೆ ಸಾಕು.

ಮೊದ್ಲು ಫೋನ್ ಮಾಡಿ ಕೇಳಿ. ಕರೆದವ್ರನ್ನಲ್ಲ, ತಿನ್ನೋರನ್ನೇ ಕೇಳಿ. "ನೀವು ವೆಜ್ಜಾ" ಅಂತ ಕೇಳಿದ್ರೆ ಅರ್ಧ ವಿಷ್ಯನೂ ಗೊತ್ತಾಗಲ್ಲ, "ಏನೇನ್ ಆಗಲ್ಲ, ಒಂಚೂರು ತಾಗಿದ್ರೂ ತೊಂದ್ರೆನಾ" ಅಂತ ಕೇಳಿ. ಜೈನರಾದ್ರೆ ಆಲೂಗಡ್ಡೆ, ಕ್ಯಾರೆಟ್, ಶುಂಠಿನೂ ಬಿಡೋರಿದ್ದಾರೆ, ಕತ್ತಲಾದ ಮೇಲೆ ಊಟ ಮಾಡದೇ ಇರೋರೂ ಇದ್ದಾರೆ. ಮುಸ್ಲಿಂ ಫ್ರೆಂಡ್ಸಿಗೆ ಹಂದಿ ಇಲ್ದಿದ್ರೆ ಆಯ್ತು ಅಂತಲ್ಲ, ಕೋಳಿನೂ ಹಲಾಲ್ ಆಗಿರ್ಬೇಕು, ಹಂದಿ ಬೇಯ್ಸಿದ ಪಾತ್ರೆ ಸೌಟು ಬೇಡ ಅನ್ನೋರು ತುಂಬಾ ಜನ. ಹಾಗಾಗಿ ಡೌಟಿದ್ರೆ ತರಕಾರಿದೇ ಮಾಡಿ.

ನನ್ ಪ್ರಕಾರ ತಗೊಂಡ್ ಹೋಗೋಕೆ ಕಡಂಬುಟ್ಟು ಮತ್ತೆ ಸಿಹಿಕುಂಬಳದ ಕರಿಗಿಂತ ಒಳ್ಳೇದು ಬೇರೆ ಇಲ್ಲ. ಒಂದ್ ಲೋಟ ಅಕ್ಕಿ ತರಿಗೆ ಎರಡೂವರೆ ಲೋಟ ನೀರು, ಉಪ್ಪು, ಬೇಕಾದ್ರೆ ಒಂದೆರಡು ಏಲಕ್ಕಿ, ನೀರು ಕುದಿವಾಗ ತರಿ ಹಾಕಿ ಗಂಟಾಗದ ಹಾಗೆ ಕೈಯಾಡಿಸ್ತಾ ಇದ್ದು ನೀರೆಲ್ಲ ಹೀರ್ಕೊಂಡ ಮೇಲೆ ಮುಚ್ಚಿಡಿ, ಬಿಸಿ ಇರುವಾಗ್ಲೇ ಕೈ ಒದ್ದೆ ಮಾಡ್ಕೊಂಡು ಉಂಡೆ ಕಟ್ಟಿ ಒಂದು 15-20 ನಿಮಿಷ ಹಬೇಲಿ ಬೇಯ್ಸಿ. ಕೈಗೆ ತುಪ್ಪ ಸವರೋ ಅಭ್ಯಾಸ ಇರೋರು ಅದನ್ನ ಬಿಡಿ, ಒದ್ದೆ ಕೈ ಸಾಕು, ಇಲ್ಲಾಂದ್ರೆ ಹಾಲು ಅಲರ್ಜಿ ಇರೋರಿಗೂ ವೀಗನ್‌ನವ್ರಿಗೂ ಆ ಒಂದ್ ಚಮಚದಿಂದಾನೇ ಇಡೀ ಪಾತ್ರೆ ಹೋಯ್ತು.

ಗೋಧಿ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಲ್ಲೇ ಹೆಚ್ಚು ಜನ ಎಡವೋದು. ಸೀಲಿಯಾಕ್ ಕಾಯಿಲೆ ಇರೋರಿಗೆ ಗೋಧಿಲಿರೋ ಗ್ಲೂಟನ್ ಸ್ವಲ್ಪ ಹೋದ್ರೂ ಸಣ್ಣ ಕರುಳಿಗೆ ಪೆಟ್ಟು ಬೀಳುತ್ತೆ, ನಮ್ ದೇಶದಲ್ಲಿ ಗ್ಲೂಟನ್ ಫ್ರೀ ಅಂತ ಪ್ಯಾಕೆಟ್ ಮೇಲೆ ಹಾಕ್ಬೇಕಾದ್ರೆ ಒಂದು ಕೆಜಿಲಿ 20 ಮಿಲಿಗ್ರಾಂ ದಾಟೋ ಹಾಗಿಲ್ಲ, ಅಷ್ಟು ಸೂಕ್ಷ್ಮ. ಅಕ್ಕಿಲಿ ಗ್ಲೂಟನ್ ಇಲ್ಲ ಸರಿ, ಆದ್ರೆ ನೀವು ತರಿ ಮಾಡಿಸಿದ ಮಿಲ್ಲಲ್ಲಿ ಐದ್ ನಿಮಿಷ ಮುಂಚೆ ಯಾರ್ದೋ ಗೋಧಿ ಬೀಸಿರ್ತಾರಲ್ಲ? ಅದಕ್ಕೆ ಇವ್ರಿಗೋಸ್ಕರ ಅಕ್ಕಿ ತೊಳ್ದು ಬಟ್ಟೆ ಮೇಲೆ ಆರ್ಸಿ, ಚೆನ್ನಾಗಿ ತೊಳೆದ ಮಿಕ್ಸಿಲಿ ಮನೇಲೇ ತರಿ ಮಾಡ್ಕೊಳ್ಳಿ. ಅಕ್ಕಿ ಒಟ್ಟಿ, ಅಂದ್ರೆ ಅಕ್ಕಿ ರೊಟ್ಟಿ ಮಾಡೋದಾದ್ರೆ ಚಪಾತಿ ಸುಡೋ ಕಾವಲಿ ಬೇಡ. ಇನ್ನೊಂದು ಇಂಗು, ಅಂಗಡೀಲಿ ಸಿಗೋ ಡಬ್ಬಿ ಇಂಗಿಗೆ ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರ್ತಾರೆ, ಲೇಬಲ್ ತಿರುಗಿಸಿ ನೋಡಿ, ಇಲ್ಲಾಂದ್ರೆ ಒಗ್ಗರಣೇಲಿ ಅದನ್ನ ಬಿಟ್ಬಿಡಿ.

ಕುಂಬಳದ ಕರಿಗೆ ಎಣ್ಣೆ, ಸಾಸಿವೆ, ಒಣಮೆಣಸು, ಜೀರಿಗೆ, ಕರಿಬೇವು, ಕಾಯಿತುರಿ ಸಾಕು, ಈರುಳ್ಳಿ ಬೆಳ್ಳುಳ್ಳಿ ಇಲ್ದಿದ್ರೂ ರುಚಿಗೇನೂ ಕಮ್ಮಿ ಆಗಲ್ಲ. ಕೊನೇಲಿ ಹುಳಿಗೆ ಅರ್ಧ ಚಮಚ ಕಾಚಂಪುಳಿ ಹಾಕಿದ್ರೆ ಹುಣಸೆಹಣ್ಣಿನ ಅವಶ್ಯಕತೆನೂ ಇಲ್ಲ, ಅದು ಹುಳಿ ಹಣ್ಣಿನ ರಸ ಕಾಯ್ಸಿ ಗಟ್ಟಿ ಮಾಡಿದ್ದು, ಹಂದಿ ಕರಿಗೆ ಹಾಕ್ತಾರೆ ಅಂತ ಅದು ಮಾಂಸದ್ದಲ್ಲ, ಹೊರಗಿನವ್ರು ಕೇಳಿದ್ರೆ ಬಿಡಿಸಿ ಹೇಳಿ. ಆದ್ರೆ ಪಂದಿ ಕರಿಗೆ ಅದ್ದಿದ ಚಮಚನ ಮತ್ತೆ ಅದೇ ಕಾಚಂಪುಳಿ ಬಾಟ್ಲಿಗೆ ಹಾಕಿದ್ರೆ ಆ ಬಾಟ್ಲಿ ಇದಕ್ಕೆ ಬೇಡ, ಹೊಸ ಬಾಟ್ಲಿ ಒಡೀರಿ. ಎಳ್ಳು ಪಜ್ಜಿ (ಎಳ್ಳಿನ ಚಟ್ನಿ) ಮಾಡೋ ಆಸೆ ಇದ್ರೆ ಬೇರೆ ಡಬ್ಬಿಲಿ ತಗೊಂಡ್ ಹೋಗಿ, ಎಳ್ಳು ಅಲರ್ಜಿ ಇರೋರೂ ಇರ್ತಾರೆ.

ಶುಗರ್ ಇರೋ ಅಂಕಲ್‌ಗಳಿಗೆ ಉಂಡೆ ಸಣ್ಣದಾಗಿ ಕಟ್ಟಿ, ಪಲ್ಯ ಜಾಸ್ತಿ ಇಡಿ, ಬೆಲ್ಲನೂ ಸಕ್ಕರೆನೇ. ಎಷ್ಟ್ ತಿನ್ಬೇಕು ಅಂತ ಅವ್ರೇ ನೋಡ್ಕೊಳ್ಳಲಿ, ಎಲ್ರ ಮುಂದೆ ತಟ್ಟೆ ಎಣಿಸೋಕ್ ಹೋಗ್ಬೇಡಿ.

ಕಡ್ಲೆಕಾಯಿ, ಗೋಡಂಬಿ ಅಲರ್ಜಿ ಜೋರಾಗಿರೋರಿಗೆ ಮಾತ್ರ ಧೈರ್ಯ ಕೊಡೋಕ್ ಹೋಗ್ಬೇಡಿ. "ನಮ್ ಅಡುಗೆಮನೇಲಿ ಕಡ್ಲೆಕಾಯಿ ಬಳಸ್ತೀವಿ" ಅಂತ ನೇರವಾಗಿ ಹೇಳಿ, ತಿನ್ನೋದೋ ಬಿಡೋದೋ ಅವ್ರು ತೀರ್ಮಾನ ಮಾಡ್ತಾರೆ. "ಒಂಚೂರಿಗೆ ಏನಾಗಲ್ಲ ತಿನ್ನಿ" ಅನ್ನೋ ನಮ್ ಉಪಚಾರ ಇಲ್ಲಿ ಜೀವಕ್ಕೇ ಬರ್ಬಹುದು, ದಯವಿಟ್ಟು ಬೇಡ.

ಅಲ್ಲಿಗೆ ಹೋದ ಮೇಲೆ ಕೆಲ್ಸ ಮುಗೀಲಿಲ್ಲ. ಪಂದಿ ಕರಿ ಸೌಟು ಕುಂಬಳದ ಪಾತ್ರೆಗೆ ಬರೋಕೆ ಎರಡ್ ನಿಮಿಷ ಸಾಕು, ಯಾರೂ ಬೇಕಂತ ಮಾಡಲ್ಲ, ಗದ್ದಲದಲ್ಲಿ ಆಗ್ಬಿಡುತ್ತೆ. ನಿಮ್ ಸೌಟನ್ನ ಪಾತ್ರೆ ಹಿಡಿಗೆ ಒಂದ್ ದಾರದಲ್ಲಿ ಕಟ್ಟಿ, ಪಾತ್ರೆನ ಮೇಜಿನ ಇನ್ನೊಂದ್ ಕೊನೇಲಿಡಿ, ಏನೇನ್ ಹಾಕಿದೆ ಅಂತ ಚೀಟಿ ಬರ್ದು ಮುಚ್ಚಳಕ್ಕೆ ಅಂಟಿಸಿ, ಎಣ್ಣೆ ಯಾವ್ದು ಅಂತನೂ ಬರೀರಿ. ಪಥ್ಯ ಇರೋರಿಗೆ ಮೊದ್ಲು ಬಡಿಸಿಬಿಡಿ ಅಂತ ಮನೆ ಆಂಟಿ ಹತ್ರ ಮೊದ್ಲೇ ಹೇಳಿಟ್ಟಿರಿ, ಇದೊಂದ್ ಮಾಡಿದ್ರೆ ಮುಕ್ಕಾಲು ತಲೆನೋವು ಇಲ್ಲ.

ಅಕ್ಕಿ ಪದಾರ್ಥನ ಎರಡ್ ಗಂಟೆಗಿಂತ ಜಾಸ್ತಿ ಹಾಗೇ ಹೊರಗಿಡ್ಬೇಡಿ, ಹಾಟ್‌ಬಾಕ್ಸಲ್ಲಿ ಬಿಸಿ ಬಿಸಿನೇ ತಗೊಂಡ್ ಹೋಗಿ. ಉಳಿದ್ರೆ ಆ ಮನೆ ಪಾತ್ರೆಗೆ ಸುರೀದೆ, ನಿಮ್ ಡಬ್ಬಿಲೇ ತುಂಬ್ಸಿ ಪಥ್ಯ ಇರೋರ ಕೈಗೇ ಕೊಟ್ಟು ಕಳ್ಸಿ, ಫ್ರಿಜ್ಜಲ್ಲಿಟ್ಟು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡ್ಕೊಂಡು ತಿನ್ಬಹುದು.