ಫೈಲ್ ಕಳಿಸಿದಾಗ ಕನ್ನಡ ಕೆಟ್ಟರೆ ಮೊದಲು ಗೀಚನ್ನು ಓದಿ

ಕಲಬುರಗಿಯಿಂದ ಬೀದರಿಗೆ ತೊಗರಿ ಬೆಳೆಗಾರರ ಪಟ್ಟಿ ಸಿಎಸ್‌ವಿ ಫೈಲಾಗಿ (ಕಾಲಂಗಳ ನಡುವೆ ಅಲ್ಪವಿರಾಮವಿರುವ ಬರೀ ಪಠ್ಯದ ಫೈಲ್) ಹೋಗುತ್ತದೆ. ಅಲ್ಲಿ ಎಕ್ಸೆಲ್‌ನಲ್ಲಿ ತೆರೆದರೆ ಹೆಸರಿನ ಕಾಲಂ ಪೂರ್ತಿ ಅರ್ಥವಾಗದ ಚಿಹ್ನೆಗಳ ಗೀಚು. ಆಗ ಮಾಡಬಾರದ ಕೆಲಸ ಒಂದೇ, ಸೇವ್ ಒತ್ತುವುದು. ಹಾಗೇ ಮುಚ್ಚಿ, ಇನ್ನೊಂದು ಪ್ರತಿ ತೆಗೆದಿಟ್ಟುಕೊಂಡು, ಗೀಚು ಯಾವ ಬಗೆಯದು ನೋಡಿ. ಎಲ್ಲಿ ಕೆಟ್ಟಿದೆ ಎಂಬುದು ಅದರಲ್ಲೇ ಗೊತ್ತಾಗುತ್ತದೆ.

ತಲೆಯ ಮೇಲೆ ಓರೆ ಗೆರೆಯಿರುವ ಚಿಕ್ಕ ಇಂಗ್ಲಿಷ್ ‘ಎ’, ಅದರ ಬೆನ್ನಿಗೇ ² ಅಥವಾ ³ ಪದೇ ಪದೇ ಬರುತ್ತಿದೆಯೇ? ಹಾಗಿದ್ದರೆ ಫೈಲ್ ಸರಿಯಾಗಿಯೇ ಇದೆ, ಓದಿದ ರೀತಿ ತಪ್ಪು. ಯುನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ, ಅಂದರೆ 0ರಿಂದ 255ರ ಅಂಕಿಗಳಾಗಿ ಬರೆದಿಡುವ ಪದ್ಧತಿ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಮೊದಲನೆಯದು 224, ಎರಡನೆಯದು 178 ಇಲ್ಲವೇ 179. ವಿಂಡೋಸ್‌ನ ಹಳೆಯ 1252 ಕೋಡ್ ಪೇಜಿನಲ್ಲಿ (ಯಾವ ಅಂಕಿಗೆ ಯಾವ ಚಿಹ್ನೆ ಎಂಬ ಪಟ್ಟಿ) ಈ ಅಂಕಿಗಳ ಜಾಗದಲ್ಲಿ ಕೂತಿರುವುದು ಅದೇ ಚಿಹ್ನೆಗಳು. ನಮ್ಮ ಭಾಗದ ಪಟ್ಟಿಗಳಲ್ಲಿ ನಾಲ್ಕು ಭಾಷೆ ಬೆರೆತಿರುವುದುಂಟು. ಅದೇ ‘ಎ’ ಪಕ್ಕ ¤ ಅಥವಾ ¥ ಕಂಡರೆ ಮರಾಠಿ, ° ಅಥವಾ ± ಕಂಡರೆ ತೆಲುಗು. ಓರೆ ಗೆರೆ ಹೊಡೆದ ‘ಓ’ ಸಾಲುಗಟ್ಟಿ ಬಂದರೆ ಉರ್ದು.

ಸರಿಪಡಿಸಲು ಸಿಎಸ್‌ವಿ ಮೇಲೆ ಡಬಲ್ ಕ್ಲಿಕ್ ಮಾಡಬೇಡಿ. ಖಾಲಿ ಎಕ್ಸೆಲ್ ಹಾಳೆ ತೆರೆದು, ಡೇಟಾ ಟ್ಯಾಬಿನಲ್ಲಿ ‘ಫ್ರಮ್ ಟೆಕ್ಸ್ಟ್/ಸಿಎಸ್‌ವಿ’ ಒತ್ತಿ ಫೈಲ್ ಆರಿಸಿ. ‘ಫೈಲ್ ಒರಿಜಿನ್’ ಜಾಗದಲ್ಲಿ 65001 (ಯುಟಿಎಫ್-8ರ ಸಂಖ್ಯೆ) ಆಯ್ದುಕೊಳ್ಳಿ. ಮುನ್ನೋಟದಲ್ಲಿ ಕನ್ನಡ ಕಂಡ ಮೇಲೆಯೇ ಲೋಡ್ ಮಾಡಿ. ಲಿಬ್ರೆಆಫೀಸ್ ಕ್ಯಾಲ್ಕ್ ಸಿಎಸ್‌ವಿ ತೆರೆಯುವಾಗ ಈ ಪ್ರಶ್ನೆಯನ್ನು ತಾನೇ ಕೇಳುತ್ತದೆ. ಈ ಕೆಲಸಕ್ಕೆ ಅದೇ ವಾಸಿ.

ಕಳಿಸುವವರು ಸೇವ್ ಆ್ಯಸ್‌ನಲ್ಲಿ ‘ಸಿಎಸ್‌ವಿ ಯುಟಿಎಫ್-8’ ಆರಿಸಿದರೆ ಈ ತೊಂದರೆಯೇ ಇಲ್ಲ. ಬರೀ ‘ಸಿಎಸ್‌ವಿ’ ಆರಿಸಿದರೆ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ಆ ಫೈಲಿನಿಂದ ಅಕ್ಷರ ವಾಪಸ್ ಬರುವುದಿಲ್ಲ, ಮೂಲ ಪ್ರತಿಯನ್ನೇ ಮತ್ತೆ ತರಿಸಿಕೊಳ್ಳಬೇಕು. ಖಾಲಿ ಚೌಕಗಳು ಕಂಡರೆ ಮಾತ್ರ ಹೆದರಬೇಕಿಲ್ಲ. ಅದು ಫಾಂಟ್ ಇಲ್ಲದ್ದರ ಗುರುತು.

ಯುಟಿಎಫ್-8 ಸಿಎಸ್‌ವಿಯ ಮೊದಲಿಗೆ ಎಕ್ಸೆಲ್ 3 ಬೈಟ್‌ಗಳ ಗುರುತೊಂದನ್ನು ಇಡುತ್ತದೆ. ಲಿನಕ್ಸ್ ಸರ್ವರಿನ ಕೆಲವು ಪ್ರೋಗ್ರಾಂಗಳು ಅದನ್ನೂ ಮೊದಲ ಕಾಲಂನ ಹೆಸರಿಗೆ ಸೇರಿಸಿಕೊಂಡು, ಆ ಕಾಲಂ ಇಲ್ಲವೇ ಇಲ್ಲ ಎನ್ನುತ್ತವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನ ಎನ್‌ಕೋಡಿಂಗ್ ಮೆನುವಿನಲ್ಲಿ ‘ಕನ್ವರ್ಟ್ ಟು ಯುಟಿಎಫ್-8’ ಒತ್ತಿ ಸೇವ್ ಮಾಡಿದರೆ ಗುರುತು ಹೋಗುತ್ತದೆ.

ಯಾರೋ ಗೀಚನ್ನೇ ಸೇವ್ ಮಾಡಿಬಿಟ್ಟಿದ್ದರೆ ಅದೇ ಮೆನುವಿನಲ್ಲಿ ‘ಕನ್ವರ್ಟ್ ಟು ಆನ್ಸಿ’ (ವಿಂಡೋಸ್‌ನ ಹಳೆಯ ಕೋಡ್ ಪೇಜಿಗೆ ಬದಲಿಸುವುದು) ಒತ್ತಿ, ಆಮೇಲೆ ಮೇಲ್ಗಡೆಯ ‘ಯುಟಿಎಫ್-8’ ಆರಿಸಿ. ಇಲ್ಲಿ ಕನ್ವರ್ಟ್ ಅಲ್ಲ. ಬಹುಪಾಲು ಕನ್ನಡ ಮರಳುತ್ತದೆ. ಪೂರ್ತಿ ನಂಬಬೇಡಿ: ಒತ್ತಕ್ಷರ ಮೂಡಿಸುವ ಹಲಂತದ ಕೊನೆಯ ಬೈಟ್ 141, ಉಕಾರದ ಕೊಂಬಿನದು 129. 1252ರಲ್ಲಿ ಈ ಎರಡೂ ಮನೆ ಖಾಲಿ, ಹಾಗಾಗಿ ಕೆಲವು ತಂತ್ರಾಂಶಗಳು ಅವನ್ನು ಕೈಬಿಡುತ್ತವೆ. ಜೇವರ್ಗಿ, ಸುರಪುರ ಎಂಬ ಊರ ಹೆಸರುಗಳನ್ನು ಹುಡುಕಿ ನೋಡಿ. ಒತ್ತು, ಕೊಂಬು ಕಳೆದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಇಂಗ್ಲಿಷ್ ಅಕ್ಷರಗಳ ನಡುನಡುವೆ ಓರೆ ಗೆರೆಯ ದೊಡ್ಡ ‘ಎ’ ಬರುತ್ತಿದ್ದರೆ ಕಥೆಯೇ ಬೇರೆ. ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಎನ್‌ಕೋಡಿಂಗ್ ಬದಲಿಸಿ ಪ್ರಯೋಜನವಿಲ್ಲ, ಯುನಿಕೋಡ್ ಪರಿವರ್ತಕವೇ ಬೇಕು. ಇಡೀ ಹಾಳೆಯನ್ನು ಒಮ್ಮೆಗೇ ಹಾಕಿದರೆ ನಡುವಿನ ಇಂಗ್ಲಿಷ್ ಹೆಸರು, ಬ್ಯಾಂಕಿನ ಐಎಫ್‌ಎಸ್‌ಸಿ ಕೋಡ್ ಕೂಡ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಕನ್ನಡ ಕಾಲಂಗಳನ್ನಷ್ಟೇ ಹಾಕಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು (‘ರ್ಗಿ’ಯಲ್ಲಿನ ‘ರ್’ ಗುರುತು) ಅಕ್ಷರದ ನಂತರ ಬರುತ್ತದೆ, ಯುನಿಕೋಡಿನಲ್ಲಿ ಮೊದಲು. ಪರಿವರ್ತಕ ಒರಟಾಗಿದ್ದರೆ ಜೇವರ್ಗಿ ಹೋಗಿ ‘ಜೇವಗಿರ್’ ಆಗುತ್ತದೆ.

ಫೈಲಿನ ಹೆಸರನ್ನು ಇಂಗ್ಲಿಷಿನಲ್ಲೇ, ಚಿಕ್ಕದಾಗಿ ಇಡಿ. ಹಳೆಯ ಜಿಪ್ ತಂತ್ರಾಂಶಗಳಲ್ಲಿ ಕನ್ನಡ ಹೆಸರು ಕೆಡುತ್ತದೆ. ಲಿನಕ್ಸ್‌ನಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ ಕನ್ನಡದಲ್ಲಿ ಬರೀ 85 ಸಂಕೇತ. ಒತ್ತು, ಕೊಂಬು, ಗುಣಿತ ಎಲ್ಲವೂ ಆ ಲೆಕ್ಕದೊಳಗೇ ಬರುತ್ತವೆ.